ಕಾಣೆಯಾದ ಚರ್ಚು, ಪೆಟ್ಟಿಗೆಯಲ್ಲಿ ಉಳಿದ ಊರು: ಯಾರ್ಕ್‌ನ ಎಲುಬುಗಳ ಮೇಲೆ ಪ್ರಬಂಧ ಬರೆದ ಕಥೆ

ಪ್ರಬಂಧ ಸಲ್ಲಿಸಿ ಮುಗೀತು. ಫಲಿತಾಂಶ ಇನ್ನೂ ಬಂದಿಲ್ಲ. ಆದರೆ ನೆನಪು ಬಿಸಿ ಇರುವಾಗಲೇ ಬರೆದುಬಿಡೋಣ ಅಂತ ಕೂತಿದ್ದೇನೆ. ಕಾರಣ ಇಷ್ಟೇ: ಇಂಗ್ಲೆಂಡಿಗೆ ಪುರಾತತ್ವ ಓದಲು ಬರಬೇಕು, ಅದರಲ್ಲೂ ಮನುಷ್ಯರ ಅಸ್ಥಿಗಳ ಮೇಲೆ ಕೆಲಸ ಮಾಡಬೇಕು ಅನ್ನುವ ಹುಡುಗ ಹುಡುಗಿಯರು ನಮ್ಮ ಕಡೆ ಈಗ ಇದ್ದಾರೆ. ಅವರಿಗೆ ಕನ್ನಡದಲ್ಲಿ ಹೇಳುವವರು ಸಿಗುವುದಿಲ್ಲ. ನನಗೂ ಸಿಗಲಿಲ್ಲ.

ನಾನು ಓದಿದ್ದು ಧಾರವಾಡದಲ್ಲಿ. ಹಿರೇಬೆಣಕಲ್‌ನ ಶಿಲಾಸಮಾಧಿಗಳು, ಬ್ರಹ್ಮಗಿರಿ, ಮಸ್ಕಿ, ಹಳ್ಳೂರು ಇವೆಲ್ಲ ಪಾಠದಲ್ಲಿದ್ದವು. ಸಮಾಧಿಯ ಕಲ್ಲಿನ ಬಗ್ಗೆ ಪುಟಗಟ್ಟಲೆ ಬರೆಯುತ್ತಿದ್ದೆವು. ಒಳಗೆ ಮಲಗಿದ್ದವರ ಬಗ್ಗೆ ಒಂದು ಸಾಲು. ಆ ಒಂದು ಸಾಲನ್ನು ದೊಡ್ಡದು ಮಾಡಬೇಕು ಅನ್ನಿಸಿದ್ದರಿಂದ ಉತ್ತರ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದೆ.

ವೀಸಾದ ಗೋಳು ಎಲ್ಲರಿಗೂ ಗೊತ್ತಿರುವುದೇ, ಬೇಗ ಮುಗಿಸುತ್ತೇನೆ. ಹಣ ಬ್ಯಾಂಕಿನಲ್ಲಿ ಸತತ 28 ದಿನ ಇರಬೇಕು. ಅಪ್ಪನ ಖಾತೆಯಲ್ಲಿದ್ದರೆ ಜನನ ಪ್ರಮಾಣಪತ್ರ ಮತ್ತು ಅಪ್ಪನ ಒಪ್ಪಿಗೆ ಪತ್ರ ಬೇಕು. ನನ್ನ ಜನನ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರಿನ ಮುಂದೆ ಊರಿನ ಹೆಸರಿದೆ, ಪಾಸ್‌ಬುಕ್ಕಿನಲ್ಲಿ ಅಜ್ಜನ ಹೆಸರಿನ ಒಂದಕ್ಷರ ಇದೆ. ಇಬ್ಬರೂ ಒಬ್ಬರೇ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಬೇಕಾಯಿತು. ಉತ್ತರ ಕರ್ನಾಟಕದವರು ಇದನ್ನು ಪ್ರವೇಶ ಸಿಗುವ ಮೊದಲೇ ನೋಡಿಕೊಳ್ಳಿ. ಆರೋಗ್ಯ ಸರ್‌ಚಾರ್ಜ್ ಅಂತ ವಿದ್ಯಾರ್ಥಿಗಳಿಗೆ ವರ್ಷಕ್ಕೆ 776 ಪೌಂಡ್ ಬೇರೆ. ಅರ್ಜಿಯ ಜೊತೆಗೇ ಕಟ್ಟಬೇಕು. ಮನೆಯಲ್ಲಿ ಯಾರೂ ಇದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಆಮೇಲೆ ಕ್ಷಯದ ಪರೀಕ್ಷೆ. ಭಾರತದಿಂದ ಆರು ತಿಂಗಳಿಗಿಂತ ಜಾಸ್ತಿ ಇರಲು ಹೋಗುವವರು ಅವರು ಹೇಳಿದ ಕ್ಲಿನಿಕ್ಕಿನಲ್ಲೇ ಎದೆಯ ಎಕ್ಸ್-ರೇ ಮಾಡಿಸಬೇಕು. ಪ್ರಮಾಣಪತ್ರಕ್ಕೆ ಆರು ತಿಂಗಳ ಆಯುಸ್ಸು. ಬೆಂಗಳೂರಿನಲ್ಲಿ ಸಾಲಿನಲ್ಲಿ ನಿಂತಾಗ ಸಿಟ್ಟು ಬಂದಿತ್ತು. ಆಗ ಗೊತ್ತಿರಲಿಲ್ಲ, ಕೆಲವು ತಿಂಗಳಲ್ಲಿ ನಾನೇ ಇಂಗ್ಲೆಂಡಿನ ರೈತರ ಬೆನ್ನುಮೂಳೆಯಲ್ಲಿ ಕ್ಷಯದ ಗುರುತು ಹುಡುಕುವುದನ್ನು ಕಲಿಯುತ್ತೇನೆ ಅಂತ.

ಮೊದಲ ಸೆಮಿಸ್ಟರಿನಲ್ಲೇ ಪ್ರಬಂಧದ ವಿಷಯ ಕೇಳಿದರು. ನನ್ನ ತಲೆಯಲ್ಲಿ ಇದ್ದದ್ದು ಉತ್ಖನನ. ಗುಂಡಿ, ಕರಣೆ, ಬ್ರಷ್ಷು, ಮಣ್ಣು. ಮಾರ್ಗದರ್ಶಕಿ ನಕ್ಕರು. "ಹೊಸದಾಗಿ ಅಗೆಯುವುದು ಬೇಡ. ಅಗೆದು ಇಟ್ಟಿರುವುದನ್ನೇ ನೋಡುವವರು ಸಾಲದು" ಅಂದರು. ಹಾಗೆ ನನ್ನ ಪಾಲಿಗೆ ಬಂದದ್ದು ಸೇಂಟ್ ಹೆಲೆನ್-ಆನ್-ದ-ವಾಲ್ಸ್. ಯಾರ್ಕ್ ನಗರದ ಕೋಟೆಗೋಡೆಯ ಒಳಗೆ, ಆಲ್ಡ್‌ವಾರ್ಕ್ ಎಂಬ ಬೀದಿಯ ಹತ್ತಿರ ಇದ್ದ ಚರ್ಚು. ಗೋಡೆಯ ಪಕ್ಕದಲ್ಲೇ ಇದ್ದದ್ದಕ್ಕೆ ಆ ಹೆಸರು. ಊರಿನಲ್ಲಿ ಸೇಂಟ್ ಹೆಲೆನ್ ಹೆಸರಿನ ಇನ್ನೊಂದು ಚರ್ಚು ಸ್ಟೋನ್‌ಗೇಟ್ ಬೀದಿಯ ತುದಿಯಲ್ಲಿ ಇವತ್ತಿಗೂ ನಿಂತಿದೆ. ಎರಡನ್ನೂ ಒಂದೇ ಅಂದುಕೊಂಡು ಗ್ರಂಥಾಲಯದಲ್ಲಿ ಅದರ ಪುಸ್ತಕ ತೆಗೆದುಕೊಂಡು ಕೂರಬೇಡಿ.

ಚರ್ಚು ಕಾಣೆಯಾದದ್ದು ಹೇಗೆ ಅನ್ನುವುದನ್ನು ಸ್ವಲ್ಪ ಹೇಳಬೇಕು. ಮಧ್ಯಯುಗದ ಯಾರ್ಕ್‌ನಲ್ಲಿ ನಲವತ್ತಕ್ಕೂ ಹೆಚ್ಚು ಪ್ಯಾರಿಷ್ ಚರ್ಚುಗಳಿದ್ದವು (ಪ್ಯಾರಿಷ್ ಅಂದರೆ ಒಂದು ಚರ್ಚಿಗೆ ಸೇರಿದ ಪ್ರದೇಶ). ಒಂದೊಂದು ಬೀದಿಗೆ ಒಂದೊಂದು ಅನ್ನುವ ಹಾಗೆ. ಪಾದ್ರಿಯ ಜೀವನ, ದೀಪದ ಎಣ್ಣೆ, ಚಾವಣಿಯ ದುರಸ್ತಿ ಎಲ್ಲವೂ ಆ ಬೀದಿಯವರ ಜೇಬಿನಿಂದಲೇ. ಆಲ್ಡ್‌ವಾರ್ಕ್ ಕಡೆಯವರು ಬಡವರು. 16ನೇ ಶತಮಾನದ ಹೊತ್ತಿಗೆ ನಗರದ ವ್ಯಾಪಾರ ಇಳಿದಿತ್ತು, ಜನ ಕಡಿಮೆಯಾಗಿದ್ದರು. 1547ರಲ್ಲಿ ಯಾರ್ಕ್‌ನ ಪ್ಯಾರಿಷ್‌ಗಳನ್ನು ಒಂದಕ್ಕೊಂದು ಸೇರಿಸಲು ಪಾರ್ಲಿಮೆಂಟಿನಲ್ಲಿ ಕಾನೂನೇ ಆಯಿತು. ಸೇಂಟ್ ಹೆಲೆನ್ ಮುಚ್ಚಿತು. ಅದರ ಜನ ಹತ್ತಿರದ ಸೇಂಟ್ ಕತ್‌ಬರ್ಟ್ ಚರ್ಚಿಗೆ ಸೇರಿದರು. ಕಟ್ಟಡದ ಕಲ್ಲು ಹೋಯಿತು, ನೆಲದ ಮೇಲೆ ಗುರುತೂ ಉಳಿಯಲಿಲ್ಲ. ಬೆಂಕಿಯಲ್ಲ, ದಾಳಿಯಲ್ಲ. ಖರ್ಚು ಪೂರೈಸಲಿಲ್ಲ, ಅಷ್ಟೇ.

ಯಾರ್ಕ್ ಆರ್ಕಿಯಲಾಜಿಕಲ್ ಟ್ರಸ್ಟ್ ಶುರುವಾದದ್ದು 1972ರಲ್ಲಿ. ಅದರ ಮೊದಮೊದಲ ಕೆಲಸಗಳಲ್ಲಿ ಇದೂ ಒಂದು. 1973-74ರಲ್ಲಿ ಅಗೆದರು. ಮೊದಲ ಚರ್ಚು ಒಂದೇ ಕೋಣೆಯದ್ದು, ಸುಮಾರು 10ನೇ ಶತಮಾನದ್ದು. ಆಮೇಲೆ ಪೂರ್ವಕ್ಕೆ ಬಲಿಪೀಠದ ಭಾಗ ಸೇರಿಸಿದರು, ಮುಂದೆ ಮತ್ತೆ ಕಟ್ಟಿದರು, ಹಿಗ್ಗಿಸಿದರು. ಅದರ ಬುಡದಲ್ಲಿ ರೋಮನ್ನರ ಕಾಲದ ಮನೆ, ಮೊಸಾಯಿಕ್ ನೆಲ! ಹೆಲೆನ್ ಅಂದರೆ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನನ ತಾಯಿ. 306ರಲ್ಲಿ ಅವನನ್ನು ಚಕ್ರವರ್ತಿ ಅಂತ ಸೈನಿಕರು ಕೂಗಿ ಹೇಳಿದ್ದು ಇದೇ ಯಾರ್ಕ್‌ನಲ್ಲಿ. ಹಾಗಾಗಿ ಕಥೆಗಳಿಗೆ ಕಡಿಮೆ ಇಲ್ಲ. ಅವನ ತಂದೆಯ ಗೋರಿ ಈ ಚರ್ಚಿನಲ್ಲೇ ಇತ್ತು ಅಂತಲೂ ಹಳಬರು ಹೇಳುತ್ತಿದ್ದರು. ನನಗೆ ಅದರಲ್ಲಿ ಆಸಕ್ತಿ ಹುಟ್ಟಲಿಲ್ಲ. ನನ್ನ ಗಮನವೆಲ್ಲ ಸ್ಮಶಾನದ ಮೇಲೆ. ಅಲ್ಲಿ ಸಾವಿರಕ್ಕೂ ಹೆಚ್ಚು ಜನರ ಅಸ್ಥಿಗಳು ಸಿಕ್ಕಿದ್ದವು. ಚಕ್ರವರ್ತಿಗಳಲ್ಲ, ಬೀದಿಯ ಜನ.

ಈಗ ನಿಜವಾದ ತೊಂದರೆಗೆ ಬರುತ್ತೇನೆ. ಅನುಮತಿ.

ನಾನು ಮೊದಲು ಬರೆದ ಪ್ರಸ್ತಾವನೆಯಲ್ಲಿ ಐಸೊಟೋಪ್ ಪರೀಕ್ಷೆ ಇತ್ತು. ಪಕ್ಕೆಲುಬಿನ ಸಣ್ಣ ತುಂಡು ತೆಗೆದು, ಅವರು ಮೀನು ತಿನ್ನುತ್ತಿದ್ದರಾ, ಮಾಂಸ ಎಷ್ಟು, ಇದನ್ನೆಲ್ಲ ನೋಡುವ ಆಸೆ. ಎಲುಬನ್ನು ಕತ್ತರಿಸುವ ಯಾವುದೇ ಪರೀಕ್ಷೆಗೆ ಬೇರೆಯೇ ಅರ್ಜಿ, ಬೇರೆಯೇ ಸಮಿತಿ. ಈ ತುಂಡು ಇಲ್ಲದೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದೇ ಇಲ್ಲವೇ, ಇದೇ ಪರೀಕ್ಷೆ ಹಿಂದೆ ಯಾರಾದರೂ ಮಾಡಿದ್ದಾರಾ, ಲ್ಯಾಬಿನ ದುಡ್ಡು ಯಾರು ಕೊಡುತ್ತಾರೆ ಅಂತ ಕೇಳುತ್ತಾರೆ. ಕೇಳಬೇಕಾದದ್ದೇ. ಕತ್ತರಿಸಿದ್ದು ಮತ್ತೆ ಬರುವುದಿಲ್ಲ, ಅಲ್ವಾ? ಆದರೆ ಒಂದು ವರ್ಷದ ಕೋರ್ಸಿನಲ್ಲಿ ಆ ಸಮಿತಿ ಕೂಡುವವರೆಗೆ ಕಾಯಲು ಆಗುವುದಿಲ್ಲ. ಮಾರ್ಗದರ್ಶಕಿಯ ಸಲಹೆಯಂತೆ ವಿಷಯ ಬದಲಿಸಿದೆ. ಹಲ್ಲಿನ ಎನಾಮೆಲ್, ಅಂದರೆ ಗಟ್ಟಿ ಹೊರಪದರದ ಮೇಲಿನ ಗೆರೆಗಳು. ಇದಕ್ಕೆ ಬೇಕಾದದ್ದು ಒಳ್ಳೆಯ ಬೆಳಕು, ಒಂದು ಭೂತಗನ್ನಡಿ, ಅಳತೆ ಪಟ್ಟಿ. ನೀವು ಒಂದು ವರ್ಷದ ಮಾಸ್ಟರ್ಸ್‌ಗೆ ಬರುತ್ತಿದ್ದರೆ ಕಣ್ಣಿನಿಂದ ನೋಡಿ ಮಾಡುವ ಕೆಲಸವನ್ನೇ ಆರಿಸಿಕೊಳ್ಳಿ.

ಕಾನೂನಿನ ವಿಷಯದಲ್ಲಿ ಊರಲ್ಲಿ ಎಲ್ಲರೂ ಕೇಳುತ್ತಾರೆ, "ಅಲ್ಲಿ ಹೆಣ ಅಗೆಯೋಕೆ ಬಿಡ್ತಾರಾ?" ಅಂತ. ಹಾಗೆ ಸುಮ್ನೆ ಬಿಡುವುದಿಲ್ಲ. ನೆಲದಲ್ಲಿರುವ ಮನುಷ್ಯರ ಅವಶೇಷ ತೆಗೆಯಬೇಕಾದರೆ 1857ರ ಬರಿಯಲ್ ಆ್ಯಕ್ಟ್ ಪ್ರಕಾರ ನ್ಯಾಯ ಸಚಿವಾಲಯದ ಲೈಸೆನ್ಸ್ ಬೇಕು. ಇಂಗ್ಲೆಂಡ್ ಚರ್ಚಿನ ಅಡಿಯಲ್ಲಿ ಪವಿತ್ರೀಕರಿಸಿದ ನೆಲವಾದರೆ ಚರ್ಚಿನದೇ ನ್ಯಾಯಾಧೀಶರಿಂದ ಫ್ಯಾಕಲ್ಟಿ ಎಂಬ ಅನುಮತಿ ಬೇಕು. ಇವೆಲ್ಲ ಅಗೆಯುವವರ ತಲೆನೋವು. ಈಗಾಗಲೇ ಪೆಟ್ಟಿಗೆಯಲ್ಲಿ ಇರುವುದನ್ನು ನೋಡುವ ವಿದ್ಯಾರ್ಥಿಗೆ ಈ ಲೈಸೆನ್ಸ್ ಕೇಳುವುದಿಲ್ಲ. ಹ್ಯೂಮನ್ ಟಿಷ್ಯೂ ಆ್ಯಕ್ಟ್ 2004ರ ಒಪ್ಪಿಗೆಯ ನಿಯಮಗಳೂ ನೂರು ವರ್ಷಕ್ಕಿಂತ ಹಿಂದೆ ಸತ್ತವರಿಗೆ ಅನ್ವಯಿಸುವುದಿಲ್ಲ. ನಿಮಗೆ ಬೇಕಾದದ್ದು ಎರಡೇ: ಸಂಗ್ರಹ ಇಟ್ಟುಕೊಂಡವರ ಒಪ್ಪಿಗೆ, ನಿಮ್ಮ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ.

ಎರಡೇ ಅಂತ ಹೇಳುವುದು ಸುಲಭ. ನೈತಿಕ ಸಮಿತಿಯ ಆನ್‌ಲೈನ್ ಫಾರ್ಮು ಬದುಕಿರುವವರಿಗೆ ಮಾಡಿದ್ದು. "ಭಾಗವಹಿಸುವವರಿಗೆ ಮಾಹಿತಿ ಪತ್ರ ಕೊಟ್ಟಿದ್ದೀರಾ?" ಎಂಬ ಪ್ರಶ್ನೆಗೆ ಆರುನೂರು ವರ್ಷದ ಹಿಂದೆ ತೀರಿಕೊಂಡ ಮಗುವಿನ ಪರವಾಗಿ ಏನು ಉತ್ತರ ಕೊಡುವುದು? ಆ ಜಾಗ ಖಾಲಿ ಬಿಟ್ಟರೆ ಫಾರ್ಮು ಮುಂದೆ ಹೋಗುವುದಿಲ್ಲ. ಕಚೇರಿಗೆ ಮಿಂಚಂಚೆ ಕಳಿಸಿದರೆ ತಾನಾಗಿ ಬರುವ ಉತ್ತರ. ಕಡೆಗೆ ಹಿರಿಯ ವಿದ್ಯಾರ್ಥಿಯೊಬ್ಬಳು ಹೇಳಿಕೊಟ್ಟಳು: ಎಲ್ಲ ಕಡೆ "ಪುರಾತತ್ವದ ಮಾನವ ಅವಶೇಷ, ಸಂಗ್ರಹದವರ ಒಪ್ಪಿಗೆ ಲಗತ್ತಿಸಿದೆ" ಎಂಬ ಒಂದೇ ಸಾಲು ಹಾಕು. ಹಾಕಿದೆ. ಆದರೆ ಸಂಗ್ರಹದವರ ಒಪ್ಪಿಗೆ ಪತ್ರ ಬರಬೇಕಾದರೆ ಅವರಿಗೆ ನೈತಿಕ ಸಮಿತಿಯ ಪತ್ರ ಬೇಕಿತ್ತು! ಇಬ್ಬರೂ ಒಬ್ಬರನ್ನೊಬ್ಬರು ತೋರಿಸುತ್ತ ಕೂತರು. ಕ್ರಿಸ್‌ಮಸ್ ರಜೆ ಬಂತು, ಹೋಯಿತು. ಮಾರ್ಗದರ್ಶಕಿ ಇಬ್ಬರಿಗೂ ಫೋನು ಮಾಡಿದ ಮೇಲೆ "ಷರತ್ತಿಗೆ ಒಳಪಟ್ಟ ಒಪ್ಪಿಗೆ" ಅನ್ನುವ ಒಂದು ಪತ್ರ ಬಂತು, ಅದರ ಮೇಲೆ ಇನ್ನೊಂದು ಬಂತು. ಈ ಪದ ನೆನಪಿಟ್ಟುಕೊಳ್ಳಿ. ಮೊದಲೇ ಅದನ್ನೇ ಕೇಳಿ. ಅಕ್ಟೋಬರಿನಲ್ಲೇ ಕೇಳಿ.

ಅರ್ಜಿಯ ಜೊತೆ ಕೇಳುವ ಕಾಗದಗಳು: ಎರಡು ಪುಟದ ಪ್ರಸ್ತಾವನೆ, ಮಾರ್ಗದರ್ಶಕರ ಪತ್ರ, ನಿಮಗೆ ಎಲುಬು ಹಿಡಿಯುವ ತರಬೇತಿ ಆಗಿದೆ ಅನ್ನುವುದಕ್ಕೆ ಪುರಾವೆ, ಯಾವ ಯಾವ ಅಸ್ಥಿಪಂಜರ ಬೇಕು ಅನ್ನುವ ಸಂಖ್ಯೆಗಳ ಪಟ್ಟಿ. ಕೊನೆಯದೇ ಕಷ್ಟ. "ಮಕ್ಕಳದು ಕೊಡಿ" ಅಂದರೆ ಕೊಡುವುದಿಲ್ಲ. 1980ರಲ್ಲಿ ಪ್ರಕಟವಾದ ಸ್ಮಶಾನದ ವರದಿ ಇಟ್ಟುಕೊಂಡು ನೀವೇ ಸಂಖ್ಯೆ ಆರಿಸಬೇಕು. ಕೆಲವು ಕಡೆ ಬೆಂಚ್ ಫೀ ಅಂತ ದಿನಕ್ಕಿಷ್ಟು ತೆಗೆದುಕೊಳ್ಳುತ್ತಾರೆ. ವಿದ್ಯಾರ್ಥಿಗೆ ರಿಯಾಯಿತಿ ಇದೆಯಾ ಅಂತ ನಾಚಿಕೆ ಇಲ್ಲದೆ ಕೇಳಿ. ರೈಲಿಗೆ ರೈಲ್‌ಕಾರ್ಡ್ ಮಾಡಿಸಿದರೆ ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಮೊದಲ ವಾರವೇ ಮಾಡಿಸಿ.

ಕಾಯುವ ದಿನಗಳಲ್ಲಿ ಆಲ್ಡ್‌ವಾರ್ಕ್‌ಗೆ ಹೋಗಿದ್ದೆ. ನೋಡಲು ಏನೂ ಇಲ್ಲ. ಮನೆಗಳು, ನಿಲ್ಲಿಸಿದ ಕಾರುಗಳು, ಹಿಂದೆ ಕೋಟೆಗೋಡೆ. ಅದಕ್ಕಾಗಿಯೇ ಹೋಗಬೇಕೆಂದರೆ ನಾನು ಹೇಳುವುದು, ಬೇಡ. ಅದರ ಬದಲು ವ್ಹಾರಮ್ ಪರ್ಸಿಗೆ ಹೋಗಿ. ಯಾರ್ಕ್‌ಷೈರ್ ವೋಲ್ಡ್ಸ್ ಗುಡ್ಡಗಳ ನಡುವೆ 1500ರ ಆಸುಪಾಸು ಖಾಲಿಯಾದ ಹಳ್ಳಿ. ಇತಿಹಾಸಕಾರ ಮಾರಿಸ್ ಬೆರೆಸ್‌ಫರ್ಡ್ ಮತ್ತು ಪುರಾತತ್ವಜ್ಞ ಜಾನ್ ಹರ್ಸ್ಟ್ 1950ರಿಂದ 1990ರವರೆಗೆ ಬೇಸಿಗೆ ಬೇಸಿಗೆಗೆ ಅಲ್ಲಿ ಅಗೆದರು. ಮನೆಗಳೆಲ್ಲ ಹುಲ್ಲಿನ ಕೆಳಗೆ ದಿಬ್ಬ ತಗ್ಗಾಗಿ ಕಾಣುತ್ತವೆ. ಸೇಂಟ್ ಮಾರ್ಟಿನ್ ಚರ್ಚು ಮಾತ್ರ ಚಾವಣಿ ಇಲ್ಲದೆ ನಿಂತಿದೆ. ಗೋಡೆಯಲ್ಲಿ ಮುಚ್ಚಿದ ಕಮಾನುಗಳನ್ನು ನೋಡಿ: ಹಳ್ಳಿ ಬೆಳೆದಾಗ ಅಕ್ಕಪಕ್ಕ ಹಜಾರ ಕಟ್ಟಿದರು, ಜನ ಕಡಿಮೆಯಾದಾಗ ಅದನ್ನು ಕೆಡವಿ ಕಮಾನು ಮುಚ್ಚಿದರು. ಊರಿನ ಜನಗಣತಿ ಗೋಡೆಯ ಮೇಲೇ ಇದೆ. ಟಿಕೆಟ್ ಇಲ್ಲ. ಶೌಚಾಲಯವೂ ಇಲ್ಲ. ಕಾರು ನಿಲ್ಲಿಸುವ ಜಾಗದಿಂದ ಒಂದು ಕಿಲೋಮೀಟರಿಗೂ ಮೀರಿ ಇಳಿಜಾರು, ಮಳೆ ಬಂದರೆ ಕೆಸರು. ಹತ್ತಿರದ ರೈಲು ಮಾಲ್ಟನ್‌ವರೆಗೆ. ಅಲ್ಲಿಂದ ಯಾರದಾದರೂ ಕಾರು ನೋಡಿಕೊಳ್ಳಿ.

ಅಲ್ಲಿ ಸಿಕ್ಕ 687 ಅಸ್ಥಿಪಂಜರಗಳಿಂದಾಗಿಯೇ ಸೇಂಟ್ ಹೆಲೆನ್‌ನವರಿಗೆ ಹೋಲಿಸಲು ಒಂದು ಹಳ್ಳಿ ಸಿಕ್ಕಿದೆ. ವ್ಹಾರಮ್‌ನಲ್ಲಿ ಒಂಬತ್ತು ಮಂದಿಯ ಎಲುಬಿನಲ್ಲಿ ಕ್ಷಯದ ಗುರುತಿತ್ತು. ಹಳ್ಳಿಯವರು, ದನದ ಜೊತೆ ಬದುಕಿದವರು, ದನದಿಂದಲೇ ಬಂದಿರಬೇಕು ಅಂತ ಊಹೆ. ಡಿಎನ್‌ಎ ನೋಡಿದರೆ ಮನುಷ್ಯರಿಂದ ಮನುಷ್ಯರಿಗೆ ಹರಡುವ ಕ್ಷಯವೇ. ಇದನ್ನು ಓದಿದ ದಿನ ಬೆಂಗಳೂರಿನ ಎಕ್ಸ್-ರೇ ನೆನಪಾಗಿ ಒಬ್ಬನೇ ನಕ್ಕೆ. ಇನ್ನೊಂದು ಹೋಲಿಕೆ ಮುಖದ ಎಲುಬಿನದು. ಕೆನ್ನೆಯ ಹಿಂದಿನ ಸೈನಸ್ ಗೂಡಿನಲ್ಲಿ ಬಹಳ ದಿನ ಸೋಂಕು ಇದ್ದರೆ ಒಳಗೋಡೆಯಲ್ಲಿ ಮುಳ್ಳು ಮುಳ್ಳಾಗಿ ಹೊಸ ಎಲುಬು ಬೆಳೆಯುತ್ತದೆ. 1995ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ವ್ಹಾರಮ್‌ನಲ್ಲಿ ಇದು 39 ಶೇಕಡಾ, ಸೇಂಟ್ ಹೆಲೆನ್‌ನಲ್ಲಿ 55 ಶೇಕಡಾ. ಒಲೆಯ ಹೊಗೆ ಎರಡೂ ಕಡೆ ಇತ್ತು. ಪೇಟೆಯಲ್ಲಿ ಅದರ ಮೇಲೆ ಕುಲುಮೆ, ಕಸುಬುಗಳ ಹೊಗೆ, ಒತ್ತೊತ್ತಾದ ಮನೆ.

ಕೊನೆಗೂ ಒಳಗೆ ಬಿಟ್ಟರು. ತಣ್ಣಗಿನ ಕೋಣೆ, ಕಬ್ಬಿಣದ ಕಪಾಟುಗಳು, ರಟ್ಟಿನ ಪೆಟ್ಟಿಗೆಗಳು. ಪೆಟ್ಟಿಗೆಯ ಮೇಲೆ ಸಂಖ್ಯೆ. ಹೆಸರು ಯಾರದೂ ಇಲ್ಲ. ಒಂದು ಸಲಕ್ಕೆ ಒಂದೇ ಪೆಟ್ಟಿಗೆ ತೆಗೆಯಬೇಕು, ಇಬ್ಬರ ಎಲುಬು ಬೆರೆಯಬಾರದು ಅಂತ. ಮೇಜಿನ ಮೇಲೆ ಮೆತ್ತನೆಯ ಹಾಸು, ಪೆನ್ಸಿಲ್ ಮಾತ್ರ, ನೀರಿನ ಬಾಟಲಿ ಹೊರಗೆ. ಫೋಟೋ ತೆಗೆಯಲು ಬೇರೆ ಅನುಮತಿ, ತೆಗೆದರೂ ಇನ್‌ಸ್ಟಾಗ್ರಾಂಗೆ ಹಾಕುವಂತಿಲ್ಲ. ಬೇಸಿಗೆಯಲ್ಲೂ ಸ್ವೆಟರ್ ತೆಗೆದುಕೊಂಡು ಹೋಗಿ.

ಮೊದಲ ಪೆಟ್ಟಿಗೆಯಲ್ಲಿ ಇದ್ದದ್ದು ಒಂದು ಮಗು. ಹಲ್ಲು ನೋಡಿದರೆ ಆರು ವರ್ಷದ ಆಸುಪಾಸು. ಹಾಲುಹಲ್ಲಿನ ಕೆಳಗೆ ದವಡೆಯೊಳಗೆ ಹೊಸ ಹಲ್ಲು ಕಾಯುತ್ತಿತ್ತು. ಹುಡುಗನೋ ಹುಡುಗಿಯೋ ಹೇಳಲು ಬರುವುದಿಲ್ಲ, ಆ ವಯಸ್ಸಿನ ಎಲುಬಿನಲ್ಲಿ ಅದು ತಿಳಿಯುವುದಿಲ್ಲ. ಮುಂದಿನ ಹಲ್ಲಿನ ಮೇಲೆ ಬೆರಳುಗುರು ಆಡಿಸಿದರೆ ಗೆರೆ ಸಿಕ್ಕಿತು, ಬಳೆಯ ಮೇಲಿನ ಗೀರಿನ ಹಾಗೆ. ಹಲ್ಲು ಬೆಳೆಯುತ್ತಿರುವಾಗ ಜೋರು ಜ್ವರವೋ ಹಸಿವೋ ಬಂದರೆ ಎನಾಮೆಲ್ ಕಟ್ಟುವುದು ಸ್ವಲ್ಪ ಹೊತ್ತು ನಿಲ್ಲುತ್ತದೆ. ಮಗು ಚೇತರಿಸಿಕೊಂಡ ಮೇಲೆ ಮತ್ತೆ ಶುರುವಾಗುತ್ತದೆ. ಎಲುಬು ತನ್ನನ್ನು ತಾನು ಹೊಸದು ಮಾಡಿಕೊಳ್ಳುತ್ತದೆ, ಎನಾಮೆಲ್ ಮಾಡಿಕೊಳ್ಳುವುದಿಲ್ಲ. ಗೆರೆ ಎಲ್ಲಿದೆ ಅಂತ ಅಳೆದರೆ ಯಾವ ವಯಸ್ಸಿನಲ್ಲಿ ಕಷ್ಟ ಬಂತು ಅಂತ ಅಂದಾಜು ಸಿಗುತ್ತದೆ. ಆ ಮಗುವಿಗೆ ಒಂದಲ್ಲ, ಹಲವು ಸಲ ಬಂದಿತ್ತು. ಆ ಸಂಜೆ ನನಗೆ ಊಟ ಸೇರಲಿಲ್ಲ. ನಾಚಿಕೆಪಡುವ ವಿಷಯವೇನಲ್ಲ. ನಿಮಗೂ ಹಾಗೆ ಆದರೆ ಜೊತೆಯವರ ಹತ್ತಿರ ಹೇಳಿಕೊಳ್ಳಿ. ಅಲ್ಲಿನ ಮೇಲ್ವಿಚಾರಕಿ ಚಹಾ ಮಾಡಿಕೊಟ್ಟು, "ಮಕ್ಕಳ ಪೆಟ್ಟಿಗೆ ಒಂದರ ಮೇಲೊಂದು ತೆಗೀಬೇಡ, ನಡುವೆ ದೊಡ್ಡವರದು ಇಟ್ಟುಕೋ" ಅಂದರು. ಒಳ್ಳೆಯ ಮಾತು.

ಅಜ್ಜಿಗೆ ಫೋನಿನಲ್ಲಿ ಹೇಳಿದಾಗ ಮೊದಲು ಬಂದ ಪ್ರಶ್ನೆ: "ಸತ್ತವರ ಎಲುಬು ಮುಟ್ಟಿ ಬಂದ ಮ್ಯಾಲೆ ಜಳಕಾ ಮಾಡ್ತೀ ಇಲ್ಲೋ ತಮ್ಮಾ?" ಮಾಡ್ತೀನಿ ಅಂದೆ. ಎರಡನೆಯದು: "ಅವರನ್ನ ಹೆಂಗ ಇಟ್ಟಿದ್ರು?" ನಮ್ಮದು ಲಿಂಗಾಯತರ ಮನೆ. ಅಜ್ಜನನ್ನು ಹೊಲದಲ್ಲಿ ಕೂಡಿಸಿ ಮಣ್ಣು ಮಾಡಿದ್ದು, ಕೈಯಲ್ಲಿ ಇಷ್ಟಲಿಂಗ, ಸುತ್ತ ವಿಭೂತಿ, ಪತ್ರಿ. ಇಲ್ಲಿಯವರನ್ನು ಅಂಗಾತ ಮಲಗಿಸುತ್ತಿದ್ದರು, ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ. ಕಡೆಯ ದಿನ ಎದ್ದು ಕೂತರೆ ಮುಖ ಮೂಡಲಿಗೆ ಇರಲಿ ಅಂತ, ಮೈಗೆ ಸುತ್ತಿದ ಬಟ್ಟೆ ಬಿಟ್ಟರೆ ಜೊತೆಗೆ ಏನೂ ಇಡುತ್ತಿರಲಿಲ್ಲ ಅಂತ ವಿವರಿಸಿದೆ. ಅಜ್ಜಿಗೆ ಸಮಾಧಾನವಾಯಿತು. "ಸುಡಲಿಲ್ಲಲ್ಲ, ಬಿಡು" ಅಂದಳು. ನಾನು ಇನ್ನೂ ಮುಂದೆ ಹೇಳಲಿಲ್ಲ. ಪೇಟೆಯ ಸ್ಮಶಾನ ಚಿಕ್ಕದು, ಶತಮಾನಗಟ್ಟಲೆ ಅದೇ ನೆಲ. ಹೊಸ ಗುಂಡಿ ತೋಡುವಾಗ ಹಳಬರ ಕಾಲೋ ತಲೆಯೋ ಕಡಿದು ಹೋಗುತ್ತಿತ್ತು. ಹಾಗಾಗಿ ಪೂರ್ತಿ ಅಸ್ಥಿಪಂಜರ ಸಿಗುವುದು ಅಪರೂಪ. ನಾನು ಪಟ್ಟಿಯಲ್ಲಿ ಬರೆದುಕೊಟ್ಟ ಎಷ್ಟೋ ಸಂಖ್ಯೆಗಳಿಗೆ ದವಡೆಯೇ ಇರಲಿಲ್ಲ. ಪಟ್ಟಿ ಮಾಡುವಾಗ ಬೇಕಾದದ್ದಕ್ಕಿಂತ ಜಾಸ್ತಿ ಸಂಖ್ಯೆ ಕೊಡಿ. ಹಲ್ಲಿನ ಕೆಲಸವಾದರೆ ದುಪ್ಪಟ್ಟು ಕೊಡಿ.

ಇನ್ನೊಂದು ಅಡ್ಡಿ ಹಳೆಯ ವರದಿಯಿಂದಲೇ ಬಂತು. ಆಗಿನ ಕ್ರಮದಲ್ಲಿ ವಯಸ್ಸು ಹೇಳಿದ್ದಕ್ಕೂ ಈಗಿನ ಕ್ರಮಕ್ಕೂ ತಾಳೆಯಾಗುವುದಿಲ್ಲ. ಈ ಪ್ಯಾರಿಷ್‌ನಲ್ಲಿ ಅರವತ್ತು ದಾಟಿದವರು ತೀರಾ ಕಡಿಮೆ ಅಂತ ಎಲ್ಲ ಪುಸ್ತಕಗಳೂ ಬರೆಯುತ್ತವೆ. ನನಗೆ ಅದು ಅಷ್ಟು ಖಚಿತ ಅನ್ನಿಸುವುದಿಲ್ಲ. ಎಲುಬು ನೋಡಿ ವಯಸ್ಸು ಹೇಳುವ ವಿಧಾನಗಳು ಮುದುಕರನ್ನು ಚಿಕ್ಕವರನ್ನಾಗಿ ತೋರಿಸುತ್ತವೆ ಅನ್ನುವುದು ಈಗ ಎಲ್ಲರಿಗೂ ಗೊತ್ತಿರುವ ಮಾತು. ಆ ಬೀದಿಯಲ್ಲೂ ಬಿಸಿಲಿಗೆ ಕೂರುವ ಅಜ್ಜ ಅಜ್ಜಿ ಇದ್ದೇ ಇರುತ್ತಾರೆ. ಆದ್ದರಿಂದ ದೊಡ್ಡವರ ವಯಸ್ಸನ್ನು ಹಳೆಯ ಪಟ್ಟಿಯಿಂದ ಎತ್ತಿಕೊಳ್ಳದೆ ಸೊಂಟದ ಎಲುಬು ನೋಡಿ ನಾನೇ ಮತ್ತೆ ಹಾಕಿದೆ. ಸಮಯ ಬಹಳ ತಿಂದಿತು. ಆದರೆ ಪರೀಕ್ಷಕರು ಮೊದಲು ಕೇಳುವುದೇ ಅದನ್ನು ಅಂತ ಮಾರ್ಗದರ್ಶಕಿ ಎಚ್ಚರಿಸಿದ್ದರು. ಮಕ್ಕಳ ವಯಸ್ಸು ಹಲ್ಲಿನ ಬೆಳವಣಿಗೆಯಿಂದ ಬರುವುದರಿಂದ ಅಷ್ಟು ಏರುಪೇರಾಗುವುದಿಲ್ಲ.

ಬರವಣಿಗೆಯ ತಿಂಗಳುಗಳ ಬಗ್ಗೆ ಹೇಳುವುದು ಏನೂ ಇಲ್ಲ. ಎಲ್ಲರ ಹಾಗೆಯೇ ರಾತ್ರಿ ಕೂತು ಬರೆದೆ. ಸೆಮಿಸ್ಟರ್ ನಡೆಯುವಾಗ ವಾರಕ್ಕೆ 20 ಗಂಟೆಯಷ್ಟೇ ದುಡಿಯಬಹುದು, ಅದರಲ್ಲಿ ಬಾಡಿಗೆ ಹುಟ್ಟುವುದಿಲ್ಲ. ಅದನ್ನೂ ಲೆಕ್ಕ ಹಾಕಿಕೊಂಡೇ ಬನ್ನಿ.

ಸಲ್ಲಿಸಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ನೀವು ಅಳೆದ ಅಂಕಿಗಳ ಪೂರ್ತಿ ಪ್ರತಿ, ಪ್ರಬಂಧದ ಒಂದು ಪ್ರತಿ, ತೆಗೆದ ಫೋಟೋಗಳು ಸಂಗ್ರಹದವರಿಗೆ ಹೋಗಬೇಕು. ಒಪ್ಪಿಗೆ ಪತ್ರದ ಷರತ್ತಿನಲ್ಲೇ ಅದು ಇರುತ್ತದೆ. ಮುಂದೆ ಬರುವವರು ಅದೇ ಮಗುವಿನ ಹಲ್ಲನ್ನು ಮತ್ತೆ ಅಳೆಯುವ ಮೊದಲು ಅದನ್ನು ನೋಡಲಿ ಅಂತ. ಕೋರ್ಸ್ ಮುಗಿದು ಸ್ವಲ್ಪ ದಿನಕ್ಕೆ ವಿಶ್ವವಿದ್ಯಾಲಯದ ಮಿಂಚಂಚೆ ಖಾತೆ ಮುಚ್ಚಿಬಿಡುತ್ತಾರೆ. ಅಷ್ಟರೊಳಗೆ ಎಲ್ಲವನ್ನೂ ಕಳಿಸಿ, ತಲುಪಿದೆ ಅನ್ನುವ ಉತ್ತರವನ್ನು ನಿಮ್ಮ ಸ್ವಂತ ಖಾತೆಗೆ ತರಿಸಿಕೊಳ್ಳಿ. ನನ್ನದು ನಿನ್ನೆಯಷ್ಟೇ ಬಂತು.